ಜಗದ್ದಲನ ಎದೆ ಬದಲಿಸಬಹುದಿತ್ತೆ?

ಋತ್ವಿಕ್ ಘಟಕ್ ಅವರ ‘ಅಜಾಂತ್ರಿಕ್’ 1958ರ ಬಂಗಾಳಿ ಚಿತ್ರ. ಸುಬೋಧ್ ಘೋಷ್ ಅವರ ಸಣ್ಣಕತೆಯ ಮೇಲೆ ನಿಂತದ್ದು. ಬಿಮಲ್ ಎಂಬ ಒಂಟಿ ಟ್ಯಾಕ್ಸಿ ಚಾಲಕನೂ ಅವನ ಮುರುಕು ಷೆವರ್ಲೆ ಕಾರೂ ಇದರ ಮುಖ್ಯ ಪಾತ್ರಗಳು. ಕಾರಿನ ಹೆಸರು ಜಗದ್ದಲ್. ಊರೆಲ್ಲ ನಗುತ್ತದೆ, ಗ್ಯಾರೇಜಿನ ಗೆಳೆಯನೂ ಮಾರಿಬಿಡು ಎನ್ನುತ್ತಾನೆ. ಬಿಮಲ್ ಕೇಳುವುದಿಲ್ಲ. ಇದ್ದ ದುಡ್ಡನ್ನೆಲ್ಲ ಬಿಡಿಭಾಗಗಳಿಗೆ ಸುರಿಯುತ್ತಾನೆ. ಆದರೂ ಕೊನೆಗೆ ಜಗದ್ದಲ್ ತುಂಡು ತುಂಡಾಗಿ ಗುಜರಿಗೆ ಹೋಗುತ್ತದೆ.

ಯಂತ್ರದ ಮೇಲೆ ಮನುಷ್ಯನ ಪ್ರೀತಿ ಎಂದು ಈ ಚಿತ್ರವನ್ನು ಹೊಗಳುವುದು ವಾಡಿಕೆ. ಹೊಗಳಿಕೆ ಸುಳ್ಳಲ್ಲ. ಬಾಯಾರಿದ ಕಾರಿಗೆ ಬಿಮಲ್ ನೀರು ಹುಯ್ಯುವಾಗ ಗುಟುಕರಿಸುವ ಸದ್ದು ಕೇಳುತ್ತದಲ್ಲ, ಅಲ್ಲಿ ನನಗೂ ಗಂಟಲು ಬಿಗಿಯಿತು. ಆದರೆ ಬೈಲಹೊಂಗಲದ ಮನೆಯಲ್ಲಿ ಕುಳಿತು ನೋಡುವವಳಿಗೆ ಬೇರೊಂದು ಪ್ರಶ್ನೆಯೂ ಏಳುತ್ತದೆ. ಜಗದ್ದಲನಿಗೆ ಆದದ್ದಾದರೂ ಏನು? ರಿಂಗ್ ಸವೆದಿತ್ತೆ, ಬೇರಿಂಗ್ ಹೋಗಿತ್ತೆ? ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದು ನಮ್ಮೂರಿನ ಗ್ಯಾರೇಜಿನ ಹುಡುಗನೂ ಹೇಳುತ್ತಾನೆ. ಘಟಕರು ಕಾಯಿಲೆಯ ಹೆಸರು ಹೇಳದೆ ಅದನ್ನು ಮನಸ್ತಾಪವೆಂಬಂತೆ, ವಿಧಿಯೆಂಬಂತೆ ತೋರಿಸುತ್ತಾರೆ. ನನಗೆ ಒಪ್ಪಿಗೆಯಾಗದ್ದು ಇದೇ.

ಯಾಕೆಂದರೆ ನಮ್ಮ ಕಡೆ ಹಳೆ ಕಾರಿನ ಕತೆ ಹೀಗೆ ಮುಗಿಯುತ್ತಿರಲಿಲ್ಲ. 1990ರ ದಶಕದಲ್ಲಿ, ನಾನು ಶಾಲೆಗೆ ಸೇರಿದ ಹೊಸದರಲ್ಲಿ, ನಮ್ಮ ಓಣಿಯಲ್ಲೊಂದು ಬಾಡಿಗೆ ಅಂಬಾಸಡರ್ ಇತ್ತು. ಕಿತ್ತೂರು, ರಾಮದುರ್ಗ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಭಾರತ ಹುಣ್ಣಿಮೆಗೆ ಸವದತ್ತಿಯಿಂದ ಯಲ್ಲಮ್ಮನ ಗುಡ್ಡ ಹತ್ತುವಾಗ ಒಳಗೆ ಎಂಟು ಹತ್ತು ಜನ, ಮೇಲೆ ಬುಟ್ಟಿ, ಗಂಟು. ಅರ್ಧ ಏರಿಗೆ ರೇಡಿಯೇಟರ್ ಕುದಿಯುತ್ತಿತ್ತು. 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್ನು, ಎರಡು ಸಲ ಬೋರ್ ಮಾಡಿಸಿ ಮುಗಿದಿತ್ತು.

ಒಂದು ದಿನ ಚೈನ್ ಕಪ್ಪಿ ಕಟ್ಟಿ ಅದನ್ನು ಇಳಿಸಿಬಿಟ್ಟರು. ಆ ಜಾಗಕ್ಕೆ ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಬಂತು. ಹೊಸ ಇಂಜಿನ್ನಿಗೆಂದು ಮೌಂಟಿಂಗ್‌ಗಳನ್ನು ಕಡಿದು ಬೆಸೆಯಬೇಕಾಯಿತು. ಮುಂದಿನ ಭಾರ ಹೆಚ್ಚಾಯಿತು, ದಡದಡ ಸದ್ದಿಗೆ ಓಣಿಯ ನಿದ್ದೆ ಕೆಟ್ಟಿತು, ಆರ್.ಸಿ. ಪುಸ್ತಕದಲ್ಲಿ ಇಂಜಿನ್ ನಂಬರ್ ಬದಲಿಸಲು ಓಡಾಟ ಬೇರೆ. ಆದರೆ ಡೀಸೆಲ್ ಆಗ ಪೆಟ್ರೋಲಿಗಿಂತ ಬಹಳ ಅಗ್ಗ. “ಮೊದಲಿನ ಇಂಜಿನ್ನs ಇರಲಿ ಅಂತ ಕುಂತ್ರ ಹುಡುಗರ ಫೀ ಯಾರು ತುಂಬಬೇಕ್ರಿ, ಅಕ್ಕೋರ?” ಎಂದಳು ಅವರ ಹೆಂಡತಿ. ಬಿಮಲನಿಗೆ ಈ ಮಾತು ಕೇಳುವ ಹೆಂಡತಿಯೇ ಇಲ್ಲ. ಕತೆಗಾರರಿಗೆ ಅದು ಅನುಕೂಲವಾಯಿತು ಎನ್ನಿಸುತ್ತದೆ.

ಹೋಲಿಕೆ ಪೂರ್ತಿ ನ್ಯಾಯವಲ್ಲ, ನಿಜ. ಪರದೇಶದ ಮುದಿ ಷೆವರ್ಲೆಗೆ ರಾಂಚಿಯ ಕಾಡಿನಂಚಿನಲ್ಲಿ ಏನು ಸಿಗಬೇಕು? ಅಂಬಾಸಡರ್ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಹುಟ್ಟಿದರೂ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಕಂಪನಿಯೇ ಅದರ ಎದೆ ಬದಲಿಸಿತು: 1980ರ ಹೊತ್ತಿಗೆ ಡೀಸೆಲ್, 1990ರ ದಶಕದಲ್ಲಿ ಜಪಾನಿನ ಇಸುಜು ಇಂಜಿನ್. ಹೊರಗಿನ ಗುಂಡುಮುಖ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಈ ಮಾತು ಈಗೇಕೆಂದರೆ, 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಬಾಡಿಗೆಗೆ ಓಡಿಸುವಂತಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಾಲಯದಲ್ಲಿ ಹೊಳೆಯುತ್ತ ನಿಂತ ಕಾರುಗಳಿಗೆ ಇದು ಸರಿಯಾದ ಅಳತೆ. ಚರಿತ್ರೆಗೆ ಮೂಲ ಬೇಕು, ಒಪ್ಪುತ್ತೇನೆ. ಆದರೆ ಗುಡ್ಡ ಹತ್ತಿ, ಬಾಣಂತಿಯರನ್ನು ಹೊತ್ತು, ಎರಡನೆಯ ಎದೆಯಲ್ಲಿ ಇನ್ನೂ ಹತ್ತಾರು ವರ್ಷ ದುಡಿದ ಗಾಡಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ನಿಯಮ ಮಾಡಿದವರೂ, ಬಿಮಲನ ಹಟವನ್ನೇ ಪ್ರೀತಿಯೆಂದು ಕೊಂಡಾಡುವ ವಿಮರ್ಶಕರೂ ಮೂಲ ಇಂಜಿನ್ನನ್ನೇ ಪಾತಿವ್ರತ್ಯದಂತೆ ನೋಡುತ್ತಾರೆ. ಹೆಂಗಸರಾದ ನಮಗೆ ಈ ಅಳತೆಗೋಲಿನ ಪರಿಚಯ ಮೊದಲೇ ಇದೆ.

ಘಟಕರು ತಮ್ಮ ವಿಮರ್ಶಕರಿಗಿಂತ ಜಾಣರು. ಕೊನೆಯ ದೃಶ್ಯದಲ್ಲಿ ಅವರು ಇಂಜಿನ್ನನ್ನು ತೋರಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಒಂದು ಕೂಸಿನ ಕೈಗೆ ಜಗದ್ದಲನ ಹಾರ್ನು ಸಿಕ್ಕಿರುತ್ತದೆ. ಅದು ಒತ್ತುತ್ತದೆ, ಸದ್ದು ಬರುತ್ತದೆ, ಬಿಮಲ್ ನಗುತ್ತಾನೆ.