ನಾಲುಕೆಟ್ಟೂ ತೊಟ್ಟಿಮನೆಯೂ

ಎಂ. ಟಿ. ವಾಸುದೇವನ್ ನಾಯರ್ ಅವರ ‘ನಾಲುಕೆಟ್ಟು’ (1958) ಕಾದಂಬರಿಯ ಕೊನೆಯಲ್ಲಿ ಅಪ್ಪುಣ್ಣಿ ತನ್ನನ್ನು ಹೊರಗಟ್ಟಿದ್ದ ತರವಾಡು ಮನೆಯನ್ನು ಹಣ ಕೊಟ್ಟು ಕೊಳ್ಳುತ್ತಾನೆ. ಕೊಂಡ ಮೇಲೆ ತಾಯಿಯೆದುರು ಅದನ್ನು ಕೆಡವಿಸಿ, ಗಾಳಿ ಬೆಳಕು ಬರುವ ಚಿಕ್ಕ ಮನೆ ಕಟ್ಟುವ ಮಾತಾಡುತ್ತಾನೆ. ಹಳೆಯ ಮನೆಗಳು ಉಳಿಯಬೇಕೆನ್ನುವ ನಾವು ಮೊದಲು ಈ ಅಪ್ಪುಣ್ಣಿಗೆ ಉತ್ತರ ಹೇಳಬೇಕು.

ಅವನ ಸಿಟ್ಟು ಸುಳ್ಳಲ್ಲ. ನಮ್ಮ ತೊಟ್ಟಿಮನೆಗಳ ಅಡಿಗೆಕೋಣೆಯ ಹೊಗೆಯಲ್ಲಿ ಹೆಂಗಸರ ಆಯುಷ್ಯ ಸವೆದಿದೆ. ಕೆಲವರನ್ನು ಜಗಲಿಯಾಚೆಗೇ ನಿಲ್ಲಿಸಿದ ಹೊಸ್ತಿಲೂ ಅದೇ. ಇದನ್ನು ಮರೆತು ಹಳೆಮನೆಯನ್ನು ಹೊಗಳಿದರೆ ಅದು ಬರಿಯ ಹಳಹಳಿಕೆಯಾದೀತು.

ಆದರೆ ಇಂದಿನ ನವೀಕರಣ ಅಪ್ಪುಣ್ಣಿ ಬಯಸಿದ್ದನ್ನಾದರೂ ಕೊಡುತ್ತಿದೆಯೇ? ಹೊಸೂರಿನ ಕಡೆ, ಸಾನಮಾವಿನಂಥ ಊರುಗಳಲ್ಲಿ, ರಿಪೇರಿಯೆಂದರೆ ಮೊದಲು ಮುಚ್ಚುವುದು ತೊಟ್ಟಿಯನ್ನು. ಒಳಮನೆಗೆ ಗಾಳಿ ಬೆಳಕು ಬರುತ್ತಿದ್ದದ್ದು ಅಲ್ಲಿಂದಲೇ. ಹೆಂಚು ಇಳಿಸಿ ಆರ್.ಸಿ.ಸಿ. ಹಾಕಿದರೆ ಹಗಲು ಕಾದ ಚಾವಣಿ ರಾತ್ರಿಯೆಲ್ಲ ಸೆಕೆ ಇಳಿಸುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಹೊರಹೋಗಲಾರದೆ ಗೋಡೆ ಒಳಗಿಂದಲೇ ಉದುರತೊಡಗುತ್ತದೆ. ಸುಣ್ಣದ ಗಾರೆ ಆ ತೇವವನ್ನು ಆರಲು ಬಿಡುತ್ತಿತ್ತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಶಾಲೆಯಲ್ಲಿ ಕನ್ನಡ ಸಿಗದ ಗಡಿಯ ಮಗುವಿಗೆ ಮನೆಯೇ ಕನ್ನಡದ ಪಾಠಶಾಲೆ. ಜಗಲಿ, ಪಡಸಾಲೆ, ನಡುಮನೆ, ಅಟ್ಟ, ತೊಲೆ, ಬೆಳಕಿಂಡಿ: ಇವೆಲ್ಲ ವಸ್ತುವಿನ ಜೊತೆಗೇ ಬಾಳುವ ಮಾತುಗಳು. ಮನೆಯೆಲ್ಲ ‘ಹಾಲ್’, ‘ಬೆಡ್‌ರೂಮ್’ ಆದಾಗ ಇವಕ್ಕೆ ಇರಲು ಜಾಗವಿಲ್ಲ. ಮುಂದೆ ಆ ಮಗು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕೈಗೆತ್ತಿಕೊಂಡರೆ ಅಲ್ಲಿನ ಮನೆಯೊಳಗೆ ದಾರಿ ತಿಳಿಯದೆ ನಿಲ್ಲುತ್ತದೆ. ಕಾಸರಗೋಡಿನ ಓದುಗರಿಗೂ ಈ ಅನುಭವ ಹೊಸತಾಗಿರಲಾರದು.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ರಾಜಾಜಿಯವರು 1878ರಲ್ಲಿ ಹುಟ್ಟಿದ ಮನೆಯನ್ನು ತಮಿಳುನಾಡು ಸರಕಾರ ಸ್ಮಾರಕವಾಗಿ ಕಾಪಾಡಿದೆ. ಅದು ಸರಿಯೇ. ಆದರೆ ಸ್ಮಾರಕದಲ್ಲಿ ಒಲೆ ಉರಿಯುವುದಿಲ್ಲ. ಸಾಮಾನ್ಯರ ಮನೆಗೆ ಸರಕಾರದ ಕಾವಲೂ ಇಲ್ಲ. ಅದು ಉಳಿಯಬೇಕಾದರೆ ಅದರಲ್ಲಿ ಜನ ಸುಖವಾಗಿ ಬಾಳಬೇಕು. ಆದ್ದರಿಂದ ಅಡಿಗೆಕೋಣೆ ಬದಲಾಗಲಿ, ಬಚ್ಚಲು ಒಳಗೆ ಬರಲಿ, ಹೊಸ್ತಿಲು ಎಲ್ಲರಿಗೂ ತೆರೆಯಲಿ. ತೊಟ್ಟಿ, ಜಗಲಿ, ಸುಣ್ಣದ ಗೋಡೆ ಮಾತ್ರ ಇದ್ದಂತೆಯೇ ಇರಲಿ.

ಗಾಳಿ ಬೆಳಕು ಬೇಕೆಂದ ಅಪ್ಪುಣ್ಣಿಗೆ ನಾವು ಹೇಳಬಹುದಾದ ಉತ್ತರ ಇಷ್ಟೇ.