ಸಂಸರನ್ನು ತೆರಕಣಾಂಬಿಯಲ್ಲಿ ಆಡಬೇಕು

ಸಂಸರ ಹೆಸರೆತ್ತಿದರೆ ಸಾಕು, ಮಾತು ಅವರ ನಾಟಕ ಬಿಟ್ಟು ಅವರ ಭಯದ ಕಡೆಗೆ ಹೊರಳುತ್ತದೆ. ಪೊಲೀಸರು ಬೆನ್ನು ಹತ್ತಿದ್ದಾರೆಂದು ನಂಬಿ ಊರೂರು ಅಲೆದದ್ದು, 1939ರಲ್ಲಿ ಮೈಸೂರಿನಲ್ಲಿ ತಾವೇ ಬದುಕು ಮುಗಿಸಿಕೊಂಡದ್ದು. ಆ ನೋವು ದೊಡ್ಡದು, ನಿಜ. ಆದರೆ ಅದನ್ನೇ ಕೃತಿಯ ಕೀಲಿಕೈ ಮಾಡಿಕೊಂಡು ಅವರಿಗೆ ಅನ್ಯಾಯ ಮಾಡಿದ್ದೇವೆ.

'ಸಂಸ' ಎಂಬ ಹೆಸರಿನಲ್ಲಿ ಬರೆದ ಸಾಮಿ ವೆಂಕಟಾದ್ರಿ ಅಯ್ಯರ್ ಹುಟ್ಟಿದ್ದು 1898ರಲ್ಲಿ, ಯಳಂದೂರು ತಾಲ್ಲೂಕಿನ ಅಗರದಲ್ಲಿ. ನಮ್ಮ ಕುದೇರಿನ ನೆರೆಸೀಮೆಯವರೇ. ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದರೆನ್ನುತ್ತಾರೆ, ಉಳಿದಿರುವುದು ಆರು. ಅವುಗಳಲ್ಲಿ 'ವಿಗಡ ವಿಕ್ರಮರಾಯ' ನನಗೆ ಎಲ್ಲಕ್ಕಿಂತ ಮೇಲು. 1638ರಲ್ಲಿ ಮೈಸೂರಿನ ಅರಸ ಇಮ್ಮಡಿ ರಾಜ ಒಡೆಯರ ಸಾವಿಗೆ ಕಾರಣನೆನ್ನಲಾದ ದಳವಾಯಿ ವಿಕ್ರಮರಾಯ ಒಂದು ಕಡೆ. ದಳವಾಯಿಯ ಕೈಗೊಂಬೆಯಾಗಲು ಒಪ್ಪದ ರಣಧೀರ ಕಂಠೀರವ ಇನ್ನೊಂದು ಕಡೆ. ಕಂಠೀರವನನ್ನು ಪಟ್ಟಕ್ಕೆ ಕರೆತಂದದ್ದು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಿಂದ. ಒಡೆಯರ ಮೇಲಿನ ಭಕ್ತಿ ಸಂಸರಿಗೆ ಅಪಾರ. ಕಂಠೀರವನ ಪಾತ್ರಕ್ಕೆ ಅದು ತೊಡಕೇ ಆಗಿದೆ. ಅವನಲ್ಲಿ ಒಳತೋಟಿ ಕಡಿಮೆ. ವಿಕ್ರಮರಾಯನ ಮಾತು ಬೇರೆ. ಅಧಿಕಾರ ಕೈಗೆ ಬಂದಷ್ಟೂ ಅದು ಜಾರೀತೆಂಬ ಅಂಜಿಕೆ ಹೆಚ್ಚುವ ಬಗೆಯನ್ನು ಕನ್ನಡ ರಂಗಭೂಮಿ ಅದಕ್ಕೆ ಮೊದಲು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಸಂಸರ ಮೇಲಿನ ಹಳೆಯ ದೂರು ಭಾಷೆಯದು. ಅದೇ ಹೊತ್ತಿಗೆ ನಾಟಕಕಾರ ಕೈಲಾಸಂ ಬೆಂಗಳೂರಿನ ಮನೆಮಾತನ್ನು ರಂಗಕ್ಕೆ ತಂದರು. ಸಂಸರು ಹಳಗನ್ನಡದ ಗಟ್ಟಿ ಪದಗಳನ್ನು ಹುಡುಕಿಕೊಂಡು ಹೋದರು. ಈ ಸೀಮೆಯ ಜನಪದ ಗಾಯಕರಾದ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ಬಳುಕುವ ಮಾತು ಪಕ್ಕದಲ್ಲೇ ಇತ್ತು, ಅದರ ಕಡೆ ತಿರುಗಲಿಲ್ಲ. ನಾಟಕಗಳ ಸೇವಕರೂ ಬೇಹಿನವರೂ ಅರಸರ ಧಾಟಿಯಲ್ಲೇ ಮಾತಾಡುವುದು ಆ ಕೊರತೆಯಿಂದ. ಆದರೂ ಆ ಬಿಗಿ ನುಡಿ ಒಳಸಂಚಿನ ದೃಶ್ಯಗಳಿಗೆ ಒಪ್ಪುತ್ತದೆ. ಗಟ್ಟಿಯಾಗಿ ಓದಿ ನೋಡಿ: ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ವಾಕ್ಯ ಮುರಿಯುತ್ತದೆ. ಕಿವಿ ಇಲ್ಲದವರು ಹಾಗೆ ಬರೆಯಲಾರರು.

ಕಷ್ಟದ ಭಾಷೆ, ಜನಕ್ಕೆ ತಿಳಿಯದು ಎನ್ನುವವರು ನಮ್ಮ ಹಳ್ಳಿಗಳ 'ಕುರುಕ್ಷೇತ್ರ' ನಾಟಕ ನೋಡಲಿ. ನಟನೆಯ ಶಾಲೆ ಕಾಣದ ರೈತರು, ಗಾರೆ ಕೆಲಸದವರು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತಗಳನ್ನು ಬಾಯಿಪಾಠ ಮಾಡುತ್ತಾರೆ. ಬಣ್ಣದ ಪರದೆಯ ಮುಂದೆ ಬೆಳಗಿನವರೆಗೆ ಆಡುತ್ತಾರೆ. ದುರ್ಯೋಧನನ ಸಂಸ್ಕೃತಭರಿತ ಮಾತನ್ನು ನುಂಗಿದವರಿಗೆ ವಿಕ್ರಮರಾಯ ಹೆಚ್ಚಲ್ಲ.

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಸಂಸರ ಹೆಸರಿದೆ. ಆದರೆ ಅವರ ಸ್ವಂತ ಸೀಮೆಗೆ ಅವರ ನಾಟಕ ಬೇಕು. ಯಾರಾದರೂ ತಿಳಿದವರು ಕಠಿಣ ಪದಗಳಿಗೆ ಅರ್ಥ ಬರೆದು, ಮೂರು ಗಂಟೆಗೆ ಇಳಿಸಿದ ರಂಗಪ್ರತಿಯೊಂದನ್ನು ಸಿದ್ಧಮಾಡಿಕೊಡಲಿ. ಕುದೇರು, ಸಂತೇಮರಹಳ್ಳಿ ಕಡೆಯ ನಾಟಕ ಮಂಡಳಿಗಳು ಮುಂದಿನ ಹಬ್ಬಕ್ಕೆ ಅದನ್ನು ಎತ್ತಿಕೊಳ್ಳಲಿ, ಮೊದಲ ಪ್ರಯೋಗ ತೆರಕಣಾಂಬಿಯಲ್ಲೇ ಆಗಲಿ.