ಕರಡು ತಿದ್ದಿದ ವರದಿ

ನಿವೃತ್ತರಾದ ಕನ್ನಡ ಮೇಡಂಗಳಿಗೆ ಊರಿನಲ್ಲಿ ಒಂದು ಬಿಟ್ಟಿ ಉದ್ಯೋಗ ಯಾವಾಗಲೂ ಕಾದಿರುತ್ತದೆ. ಮದುವೆಯ ಕರೆಯೋಲೆ, ಗೃಹಪ್ರವೇಶದ ಆಹ್ವಾನ, ಸಂಘದ ಬೆಳ್ಳಿಹಬ್ಬದ ಸಂಚಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಏನೇ ಅಚ್ಚಾಗಲಿ, “ಸ್ವಲ್ಪ ಕಣ್ಣು ಹಾಯಿಸಿಬಿಡಿ ಮೇಡಂ” ಎಂದು ಬಾಗಿಲಿಗೆ ಬರುತ್ತಾರೆ. ನಾನೂ ಕನ್ನಡಕ ಹುಡುಕಿಕೊಂಡು ಕೂರುತ್ತೇನೆ. ಹಾಗೆ ಬಂದ ಕಾಗದಗಳಲ್ಲಿ 2019ರ ಜನವರಿಯಲ್ಲಿ ಬಂದ ಒಂದು ಕರಡು ಮಾತ್ರ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮೂರಿನ ಒಂದು ರಾಜಕೀಯ ಪಕ್ಷದ ಶಾಖೆಯ 2018ನೇ ಸಾಲಿನ ವಾರ್ಷಿಕ ವರದಿ ಅದು. ಪಕ್ಷ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ “ಅವರು ಹಾಗೇ ಬಿಡಿ” ಎನ್ನುತ್ತೀರಿ, ಉಳಿದವರು ಸಿಟ್ಟಿನಿಂದ ಪುಟ ಮಗುಚುತ್ತೀರಿ. ಎರಡೂ ನನಗೆ ಬೇಡ.

ಇಪ್ಪತ್ನಾಲ್ಕು ಪುಟದ ಪುಸ್ತಿಕೆ. ಕಥೆ ಕಾದಂಬರಿಗಳನ್ನು ಹಿಂಜಿ ಹಿಂಜಿ ನೋಡುವ ನಮ್ಮ ವಿಮರ್ಶಕರು ಇಂಥವನ್ನೇಕೆ ಓದುವುದಿಲ್ಲವೋ! ಓದಿದರೆ ಅವರಿಗೆ ಬೇಕಾದಷ್ಟು ಸಾಮಗ್ರಿ ಸಿಕ್ಕೀತು. ಅವರು ಮಾಡದ ಕೆಲಸವನ್ನು ತಡವಾಗಿಯಾದರೂ ನಾನೇ ಮಾಡೋಣವೆಂದು ಕುಳಿತಿದ್ದೇನೆ. ಅಂದು ಮಾಡಬೇಕಾಗಿತ್ತು. ಮಾಡಲಿಲ್ಲ.

ಮೊದಲು ವರದಿಯ ಭಾಷೆಯ ಮಾತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಬೋರ್ಡಿನ ಮೇಲೆ ಬರೆದವಳು ನಾನು. ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಇದರಿಂದ ಜೀವನದಲ್ಲಿ ಏನು ಉಪಯೋಗ ಎಂದು ಹುಡುಗರು ಕೇಳುತ್ತಿದ್ದರು. ಉಪಯೋಗ ಏನೆಂದು ಈ ವರದಿ ನೋಡಿದಾಗ ನನಗೇ ತಿಳಿಯಿತು. “ಮಾನ್ಯ ಅಧ್ಯಕ್ಷರು ದೀಪ ಬೆಳಗಿಸಿ ಉದ್ಘಾಟಿಸಿದರು.” “ಹಿರಿಯ ಮುಖಂಡರು ಮಾರ್ಗದರ್ಶನ ನೀಡಿದರು.” ಇಲ್ಲೆಲ್ಲ ಕರ್ತೃಪದ ಎದ್ದು ನಿಂತಿದೆ, ಮಾಲೆ ಸಹಿತ. ಇನ್ನು ಕೆಲಸದ ವಾಕ್ಯಗಳಿಗೆ ಬನ್ನಿ. “ಮನೆಮನೆಗೆ ಭೇಟಿ ನೀಡಲಾಯಿತು.” “ಕರಪತ್ರ ಹಂಚಲಾಯಿತು.” “ಮತದಾರರ ಪಟ್ಟಿ ಪರಿಶೀಲಿಸಲಾಯಿತು.” “ಲಘು ಉಪಾಹಾರದ ವ್ಯವಸ್ಥೆ ಮಾಡಲಾಗಿತ್ತು.” ಯಾರಿಂದ? ರಾವಣನನ್ನು ಕೊಂದವರು ಯಾರೆಂದು ಹೇಳುವ ‘ಇಂದ’ ಪ್ರತ್ಯಯವೂ ಇಲ್ಲಿ ಇಲ್ಲ.

ಯಾರಿಂದ ಎಂಬುದು ನನಗೆ ಗೊತ್ತಿತ್ತು. ಆ ಲಘು ಉಪಾಹಾರವೆಂಬ ಉಪ್ಪಿಟ್ಟು ಕೆದಕಿದ್ದು ನಮ್ಮನೆಯ ಹಿತ್ತಲಿನಲ್ಲಿ. ಎಂಟು ಕಿಲೋ ರವೆ. ಹುರಿಯುತ್ತಾ ಹುರಿಯುತ್ತಾ ಕೈ ಸೋತು, ಬೀದಿಯ ಐದು ಜನ ಹೆಂಗಸರು ಸರದಿಯ ಮೇಲೆ ಸೌಟು ಹಿಡಿದಿದ್ದೆವು. ಖರ್ಚಿನ ಪುಟದಲ್ಲಿ ಶಾಮಿಯಾನಕ್ಕೆ, ಮೈಕಿಗೆ, ಜೀಪಿನ ಬಾಡಿಗೆಗೆ, ಫ್ಲೆಕ್ಸಿಗೆ ಬೇರೆ ಬೇರೆ ಲೆಕ್ಕವಿದೆ. ಉಪ್ಪಿಟ್ಟಿನ ರವೆಗೂ ಲೆಕ್ಕವಿದೆ. ಸೌಟು ಹಿಡಿದ ಕೈಗೆ ಲೆಕ್ಕವಿಲ್ಲ. ನಾವೇನೂ ಕೂಲಿ ಕೇಳಿರಲಿಲ್ಲ, ಅದು ನಿಜ.

2018 ನಮ್ಮೂರಿಗೆ ಎರಡೆರಡು ಚುನಾವಣೆಯ ವರ್ಷ. ಮೇ 12ರಂದು ವಿಧಾನಸಭೆಗೆ ಮತದಾನ, ಅದರ ಧೂಳು ಅಡಗುವ ಮೊದಲೇ ಆಗಸ್ಟ್ 31ರಂದು ಪುರಸಭೆಗೆ. ಶಾಖೆಯವರು ಇದಕ್ಕಾಗಿ ವರ್ಷದ ಮೊದಲಿನಿಂದಲೇ ಸದಸ್ಯತ್ವ ಅಭಿಯಾನ ಹಿಡಿದಿದ್ದರು. ವರದಿಯ ಹೆಮ್ಮೆಯ ಪುಟ ಅದೇ. “ಒಂದೇ ವರ್ಷದಲ್ಲಿ ಸದಸ್ಯತ್ವ ಆರು ಪಟ್ಟು ಹೆಚ್ಚಿದ್ದು, ಪಕ್ಷದ ತತ್ವ ಸಿದ್ಧಾಂತಗಳಿಗೆ ಮಹಿಳೆಯರು ಅಭೂತಪೂರ್ವವಾಗಿ ಸ್ಪಂದಿಸಿದ್ದಾರೆ” ಎಂದಿದೆ. ‘ಅಭೂತಪೂರ್ವ’ದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿದೆ. ವಾಕ್ಯ ಪೂರ್ತಿ ತಪ್ಪಾಗಿತ್ತು, ಹಾಗೇ ಬಿಟ್ಟೆ.

ಮಹಿಳೆಯರು ಸ್ಪಂದಿಸಿದ್ದು ಹೇಗೆಂದು ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಮೂರು ರಸೀದಿ ಪುಸ್ತಕ ಮುಗಿಸಿದವಳು ನಮ್ಮ ಬೀದಿಯಲ್ಲೇ ರವಿಕೆ ಹೊಲಿಯುವಾಕೆ. ಅವಳ ಮಗಳು ನನ್ನ ವಿದ್ಯಾರ್ಥಿನಿ, ಅದರಿಂದ ನಮಗೆ ಸಲಿಗೆ. ಹಗಲು ಮಷೀನು ತುಳಿದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದಳು. “ನೀವೂ ಬನ್ನಿ ಮೇಡಂ, ನೀವಿದ್ರೆ ಬಾಗಿಲು ತೆಗೀತಾರೆ” ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಐದು ರೂಪಾಯಿಗೆ ಒಂದು ಹಳದಿ ರಸೀದಿ.

ಒಬ್ಬ ಹೆಂಗಸು ಸೊಂಟದ ಚೀಲ ಬಿಚ್ಚುತ್ತಾ, “ಇದ್ರಿಂದ ಮನೆ ಗ್ರಾಂಟ್ ಆಗತ್ತಾ ಮೇಡಂ?” ಎಂದು ಕೇಳಿದಳು. ಹೌದು ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎನ್ನಲಿಲ್ಲ. “ನಷ್ಟವೇನೂ ಇಲ್ಲ, ತಗೊಳ್ಳಮ್ಮ” ಎಂದೆ. ಅವಳು ರಸೀದಿಯನ್ನು ಮಡಿಸಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಳು. ಆ ಕವರಿನಲ್ಲಿ ಬೇರೆ ಪಕ್ಷದ ರಸೀದಿಯೂ ಇದ್ದುದನ್ನು ಕಂಡೆ. ಇನ್ನೊಬ್ಬಾಕೆ ಮನೆಯವರೆಲ್ಲರ ಹೆಸರು ಬರೆಸಿದಳು, ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ ಮಗಳದ್ದೂ ಸೇರಿಸಿ. ಮತ್ತೊಂದು ಮನೆಯಲ್ಲಿ “ಅವರು ಬರ್ಲಿ, ಕೇಳಿ ಹೇಳ್ತೀನಿ” ಎಂದರು. ಆ ಮನೆಗೆ ಮೂರು ಸಲ ಹೋದೆವು. ಹೊಲಿಗೆಗೆ ಬಟ್ಟೆ ಕೊಡುವವರಲ್ಲಿ ಬಹಳಷ್ಟು ಜನ ಅವಳ ಮುಖ ನೋಡಿ ಕೊಟ್ಟರು. ತತ್ವ ಸಿದ್ಧಾಂತದ ಮಾತನ್ನು ಯಾರೂ ಕೇಳಲಿಲ್ಲ, ನಾವೂ ಎತ್ತಲಿಲ್ಲ.

ಒಂದು ಪಕ್ಷಕ್ಕೆ ಸದಸ್ಯರಾಗುವುದು ಎಂದರೇನು ಎಂಬ ಪ್ರಶ್ನೆ ಹೊಸದಲ್ಲ. 1920ರಲ್ಲಿ ನಾಗಪುರದಲ್ಲಿ ಕಾಂಗ್ರೆಸ್ಸು ಹೊಸ ನಿಬಂಧನೆ ಮಾಡಿಕೊಂಡಾಗ ವರ್ಷಕ್ಕೆ ನಾಲ್ಕಾಣೆಯ ಚಂದಾ ಇಟ್ಟಿತು. ನಾಲ್ಕು ವರ್ಷದ ಮೇಲೆ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲೇ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಒಪ್ಪಿದ ನಿಯಮ ನೋಡಿ: ಸದಸ್ಯರಾಗಬೇಕಾದವರು ದುಡ್ಡಿನ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ತಾವೇ ನೂಲಲಾಗದವರು ಬೇರೆಯವರಿಂದ ನೂಲಿಸಿಯಾದರೂ ಕೊಡಬೇಕು. ಈ ಎರಡನೆಯ ವಾಕ್ಯವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಎಷ್ಟು ಮನೆಗಳಲ್ಲಿ ಗಂಡಸಿನ ಸದಸ್ಯತ್ವವನ್ನು ಹೆಂಡತಿಯೋ ವಿಧವೆ ಅತ್ತೆಯೋ ರಾಟೆಯ ಮುಂದೆ ಕೂತು ನೂತಿದ್ದರೋ! ಈ ನಿಯಮದಿಂದ ಸದಸ್ಯರ ಸಂಖ್ಯೆ ಕುಸಿಯಿತು. 1925ರಲ್ಲೇ ನೂಲಿನ ಕಡ್ಡಾಯವನ್ನು ಬಿಟ್ಟು, ನಾಲ್ಕಾಣೆಯನ್ನಾದರೂ ಕೊಡಿ, ನೂಲನ್ನಾದರೂ ಕೊಡಿ ಎಂದು ಮಾಡಬೇಕಾಯಿತು. ಆದರೂ ಅಷ್ಟರಮಟ್ಟಿಗೆ ಅದೊಂದು ಲೆಕ್ಕ. ಕೈ ಎಷ್ಟು ದುಡಿಯಿತೆಂದು ಗಜದಲ್ಲಿ ಅಳೆಯಬಹುದಾಗಿತ್ತು.

ಅದೇ ಬೆಳಗಾವಿಗೆ ಹೆಣ್ಣು ಸ್ವಯಂಸೇವಕಿಯರನ್ನು ಕಲೆಹಾಕಿ ಕರೆತಂದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ತಾವೇ ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ಅವರ ಹೆಸರು ಹೇಗೋ ಉಳಿಯಿತು. ಅವರ ಹಿಂದೆ ಬಂದವರ ಹೆಸರುಗಳನ್ನು ಹುಡುಕಿ ನೋಡಿ, ನಮ್ಮ ಶಾಖೆಯ ವರದಿಯ ಹಾಗೆಯೇ, “ವ್ಯವಸ್ಥೆ ಮಾಡಲಾಗಿತ್ತು.”

ಮಲೆನಾಡಿನ ಹಿರಿಯರು ಶಾಂತವೇರಿ ಗೋಪಾಲಗೌಡರ ಚುನಾವಣೆಯ ಕಥೆ ಹೇಳುವುದುಂಟು. 1952ರಲ್ಲಿ ಅವರು ವಿಧಾನಸಭೆಗೆ ಗೆದ್ದರು. ವೋಟಿನ ಜೊತೆಗೆ ನೋಟನ್ನೂ ಜನರೇ ಕೊಟ್ಟರು ಎನ್ನುತ್ತಾರೆ. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸದಸ್ಯತ್ವವೂ ಸುಲಭವಾಗಿದೆ. 2014ರ ನವೆಂಬರಿನಲ್ಲಿ ಭಾರತೀಯ ಜನತಾ ಪಕ್ಷ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕೆಂದು ಅಭಿಯಾನ ಶುರುಮಾಡಿತು, ಮಾರನೆಯ ವರ್ಷ ಹತ್ತು ಕೋಟಿ ಸದಸ್ಯರೆಂದು ಹೇಳಿಕೊಂಡಿತು. 2022ರಲ್ಲಿ ಕಾಂಗ್ರೆಸ್ಸೂ ಮೊಬೈಲ್ ಆ್ಯಪಿನಲ್ಲಿ ಸದಸ್ಯರನ್ನು ಮಾಡಿಕೊಂಡಿತು. ನಮ್ಮೆದುರು ಮನೆಯ ಅಜ್ಜಿ ಮೊಮ್ಮಗನ ಫೋನಿನಿಂದ ಯಾವ ಪಕ್ಷಕ್ಕೆ ಸೇರಿದ್ದಾರೆಂದು ಅವರಿಗೇ ತಿಳಿಯದು. ಹಳದಿ ರಸೀದಿಯ ಕಾಲದಲ್ಲಿ ಕನಿಷ್ಠ ಹೊಸಿಲ ತನಕ ಹೋಗಿ ಮುಖ ನೋಡಬೇಕಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ವರದಿಯಲ್ಲಿ ಒಳ್ಳೆಯದೇ ಇಲ್ಲವೆಂದರೆ ಅನ್ಯಾಯವಾದೀತು. ಒಂಬತ್ತನೆಯ ಪುಟ ನನಗೆ ಇಷ್ಟವಾಯಿತು. ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿಟ್ಟಿದ್ದರ ಬಗ್ಗೆ ಸಹಿ ಸಂಗ್ರಹ ಮಾಡಿ ಮನವಿ ಕೊಟ್ಟ ಸಂಗತಿ. ಬೀಗ ಎಷ್ಟು ದಿನದಿಂದ ಇತ್ತು, ಬೀಗದ ಕೈ ಯಾರ ಹತ್ತಿರ ಇತ್ತು, ಹಳ್ಳಿಯಿಂದ ಬರುವ ಕಾಲೇಜು ಹುಡುಗಿಯರು ಎಲ್ಲಿಗೆ ಹೋಗುತ್ತಿದ್ದರು ಎಂದೆಲ್ಲ ಬರೆದಿದ್ದಾರೆ. ಆ ಪುಟ ಬರೆದವರು ಅಲ್ಲಿ ನಿಂತು ನೋಡಿದವರು ಎಂದು ಓದಿದವರಿಗೆ ತಿಳಿಯುತ್ತದೆ. ಕೊನೆಗೆ ಮಾತ್ರ “ಮನವಿ ಸಲ್ಲಿಸಲಾಯಿತು” ಎಂದು ಮುಗಿದಿದೆ. ಬೀಗ ತೆಗೆದರೋ ಇಲ್ಲವೋ? ತೆಗೆದರು, ಎರಡು ತಿಂಗಳು. ಅದು ವರದಿಯಲ್ಲಿಲ್ಲ.

ಇನ್ನು ಹನ್ನೊಂದನೆಯ ಪುಟ. ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪೌರಸಂಸ್ಥೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿಗೆಂದಿತು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. “ನೀನೇ ನಿಲ್ಲು ಕಣಮ್ಮ, ಮುನ್ನೂರು ಮನೆಯವರಿಗೆ ನಿನ್ನ ಮುಖ ಗೊತ್ತು” ಎಂದು ನಾನೇ ಹುರಿದುಂಬಿಸಿದ್ದೆ. ಅವಳು ನಾಚಿದಳು, ಮೂರು ದಿನ ಬಿಟ್ಟು ಅರ್ಜಿ ಕೊಟ್ಟಳು. ಟಿಕೆಟ್ಟು ಹಿಂದಿನ ಸದಸ್ಯರ ಪತ್ನಿಗೆ ಹೋಯಿತು. ಶಾಖೆಯ ಕಾರ್ಯದರ್ಶಿ ನನ್ನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ, “ಖರ್ಚು ತಡೆಯೋ ಶಕ್ತಿ ಬೇಕಲ್ಲ ಮೇಡಂ, ಪಾಪ ಅವರಿಗೆಲ್ಲಿ ಬರಬೇಕು” ಎಂದರು. ಕರಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರಕ್ಕಿಂತ ಅವರ ಯಜಮಾನರ ಕೈಮುಗಿದ ಭಾವಚಿತ್ರ ದೊಡ್ಡದಾಗಿತ್ತು. ಆ ಕರಪತ್ರವನ್ನೂ ಮನೆಮನೆಗೆ ಹಂಚಿದವಳು ಹೊಲಿಗೆಯವಳೇ.

ಗೆದ್ದಾಕೆಯ ಬಗ್ಗೆ ನನಗೆ ಅಸಮಾಧಾನವಿಲ್ಲ. ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ ಎರಡು ವರ್ಷ ಅಧ್ಯಕ್ಷರೇ ಆಗಲಿಲ್ಲ, ಗೆದ್ದವರೆಲ್ಲ ಸುಮ್ಮನೆ ಮನೆಯಲ್ಲಿ ಕೂತಿದ್ದರು. ಆಮೇಲೆ ಒಂದು ಬೇಸಗೆಯಲ್ಲಿ ನಲ್ಲಿ ನೀರು ನಿಂತಾಗ, ಯಜಮಾನರನ್ನು ಮನೆಯಲ್ಲೇ ಬಿಟ್ಟು ಆಕೆ ಟ್ಯಾಂಕಿನ ಹತ್ತಿರ ಬಿಸಿಲಿನಲ್ಲಿ ನಿಂತು ವಾಟರ್‌ಮ್ಯಾನ್‌ನಿಂದ ಕೆಲಸ ಮಾಡಿಸಿದ್ದನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ವರದಿಯ ಮೇಲೆ. ಅದರಲ್ಲಿ ಈ ವಾರ್ಡಿನ ಗೆಲುವನ್ನು “ಮಹಿಳಾ ಸಬಲೀಕರಣದತ್ತ ಪಕ್ಷದ ದಿಟ್ಟ ಹೆಜ್ಜೆ” ಎಂದು ಬರೆದಿದ್ದಾರೆ. ಹೊಲಿಗೆಯವಳ ಹೆಸರು ಹನ್ನೊಂದನೆಯ ಪುಟದಲ್ಲಿಲ್ಲ. ಸದಸ್ಯತ್ವದ ಪುಟದಲ್ಲೂ ಇಲ್ಲ. ಇಪ್ಪತ್ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ.

1926ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನಿಂದ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಹತ್ತಿರ ಹತ್ತಿರ ನೂರು ವರ್ಷದ ಮೇಲೆ, 2023ರಲ್ಲಿ, ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದ ಹೆಂಗಸರು ಹತ್ತೇ ಜನ. ಅದೇ ವರ್ಷ ಲೋಕಸಭೆಗೂ ವಿಧಾನಸಭೆಗಳಿಗೂ ಮೂರನೇ ಒಂದು ಮೀಸಲಾತಿಯ ಕಾನೂನು ಬಂತು, ಜನಗಣತಿಯೂ ಕ್ಷೇತ್ರ ಮರುವಿಂಗಡಣೆಯೂ ಆದ ನಂತರ ಎಂಬ ಷರತ್ತಿನೊಡನೆ. ಬರಲಿ. ಬಂದಾಗಲೂ ಟಿಕೆಟ್ಟು ಹಂಚುವ ಕೋಣೆಯೊಳಗೆ ಯಾರು ಕೂತಿರುತ್ತಾರೆ ಎಂಬುದೇ ನನ್ನ ಚಿಂತೆ. ರಸೀದಿ ಹರಿಯುವವರು ಆ ಕೋಣೆಯ ಹೊರಗೆ ಚಿತ್ರಾನ್ನದ ಪೊಟ್ಟಣ ಎಣಿಸುತ್ತಿರುತ್ತಾರೆ.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನಲ್ಲ, ಅಂದು ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಹೆಸರು ಬರೆಯಲು ನನಗೇನಾಗಿತ್ತು? ಪ್ರಶ್ನೆ ನ್ಯಾಯವಾದದ್ದು. ಬರೆಯಲು ಹೋಗಿದ್ದೆ ಕೂಡ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆಯೂ ಬಿದ್ದಿತ್ತು. ಕಾಗುಣಿತ ನೋಡಲು ಕೊಟ್ಟದ್ದು, ವಿಷಯಕ್ಕೆ ಕೈಹಾಕುವುದು ಸರಿಯೇ ಎಂದು ಹಿಂಜರಿದೆ. ಕಾರ್ಯದರ್ಶಿ ನಮ್ಮ ಯಜಮಾನರ ಪಿಂಚಣಿ ಕಾಗದಕ್ಕೆ ಓಡಾಡಿದ್ದವರು, ಅದೂ ನೆನಪಿಗೆ ಬಂತು. ಹ್ರಸ್ವ ದೀರ್ಘಗಳನ್ನಷ್ಟೇ ತಿದ್ದಿ ಕಳಿಸಿಬಿಟ್ಟೆ.

ಅಚ್ಚಾಗಿ ಬಂದ ಮೇಲೆ ಕಾರ್ಯದರ್ಶಿಯವರು ಐದು ಪ್ರತಿ ಕೊಟ್ಟು ಹೋದರು. ಕೊನೆಯ ಪುಟದಲ್ಲಿ “ಕರಡು ತಿದ್ದಿಕೊಟ್ಟ ಶ್ರೀಮತಿ” ಎಂದು ನನಗೆ ಕೃತಜ್ಞತೆ ಹೇಳಿದ್ದಾರೆ. ಅಭ್ಯರ್ಥಿಯ ಹೆಸರು ಬಿಟ್ಟರೆ ಇಡೀ ಪುಸ್ತಿಕೆಯಲ್ಲಿ ಇರುವ ಹೆಂಗಸಿನ ಹೆಸರು ನನ್ನದೊಂದೇ.

ಒಂದು ಪ್ರತಿಯನ್ನು ಹೊಲಿಗೆಯವಳೇ ಕೇಳಿ ತೆಗೆದುಕೊಂಡಳು. “ನಿಮ್ಮ ಹೆಸರು ಹಾಕಿದಾರೆ ಮೇಡಂ!” ಎಂದು ನಿಜವಾಗಿ ಸಂತೋಷಪಟ್ಟಳು. ನಾನು ಏನೋ ಹೇಳಲು ಹೋದೆ. “ಬಿಡಿ ಮೇಡಂ, ಹಬ್ಬದ ಬಟ್ಟೆ ರಾಶಿ ಬಿದ್ದಿದೆ” ಎಂದು ಹೊರಟಳು. ಹದಿನೈದು ದಿನ ಬಿಟ್ಟು ನನ್ನ ರವಿಕೆ ತರಲು ಹೋದಾಗ ಪುಸ್ತಿಕೆ ಮಷೀನಿನ ಪಕ್ಕ ಬಿದ್ದಿತ್ತು. ಹಿಂದಿನ ಖಾಲಿ ರಟ್ಟಿನ ಮೇಲೆ ಅವಳ ದುಂಡು ಅಕ್ಷರದಲ್ಲಿ ಯಾರದೋ ಅಳತೆ ಬರೆದುಕೊಂಡಿದ್ದಳು. ಎದೆ 36, ತೋಳು 9, ಉದ್ದ 14.